ಶಾಸಕರಿಗೆ ನಾಲ್ಕನೇ ಜ್ವರ

ನಮ್ಮೂರ ಬಸ್‌ಸ್ಟ್ಯಾಂಡಿನ ವೇಳಾಪಟ್ಟಿ ಮೇಲೆ ಮತ್ತೆ ಫ್ಲೆಕ್ಸ್ ಕಟ್ಟಿದ್ದಾರೆ. ಅಣ್ಣನವರ ಹುಟ್ಟುಹಬ್ಬ. ಚಿಂತಾಮಣಿ ಬಸ್ಸು ಎಷ್ಟು ಗಂಟೆಗೆ ಅಂತ ಕಾಣುವುದಿಲ್ಲ, ಆದರೆ ಅಣ್ಣ ಬಡ ರೈತ ಕುಟುಂಬದಲ್ಲಿ ಹುಟ್ಟಿ, ಹೊಲದಲ್ಲಿ ಬೆವರು ಸುರಿಸಿ, ಜನಸೇವೆಯೇ ಜನಾರ್ದನ ಸೇವೆ ಅಂತ ನಂಬಿ ಮೇಲೆ ಬಂದವರು ಅನ್ನುವುದು ಚೆನ್ನಾಗಿ ಕಾಣುತ್ತದೆ. ಮುಕ್ಕಾಲು ಗಂಟೆ ಕಾದೆ. ಬಸ್ಸು ಬರುವಷ್ಟರಲ್ಲಿ ಜೀವನಚರಿತ್ರೆ ಬಾಯಿಪಾಠ ಆಗಿತ್ತು.

ಯಾವ ಅಣ್ಣ ಅಂತ ಕೇಳಬೇಡಿ. ಕೋಲಾರದಲ್ಲಿ 6, ಚಿಕ್ಕಬಳ್ಳಾಪುರದಲ್ಲಿ 5, ತುಮಕೂರಿನಲ್ಲಿ 11, ಒಟ್ಟು 22 ಕ್ಷೇತ್ರ. ಫೋಟೋ ಒಂದು ಬದಲಾಯಿಸಿದರೆ ಪಾವಗಡದಿಂದ ಮುಳಬಾಗಿಲವರೆಗೆ ಅದೇ ಫ್ಲೆಕ್ಸ್ ನಡೆಯುತ್ತದೆ. ಅಷ್ಟೂ ಜನ ಬಡ ರೈತರ ಮಕ್ಕಳು. ನನಗೆ ಗೊತ್ತಿರುವ ಬಡ ರೈತರ ಮಕ್ಕಳು ಮಾತ್ರ ಸಾವಿರದೈನೂರು ಅಡಿ ಕೊರೆಸಿ, ಧೂಳು ನೋಡಿ, ಬೆಂಗಳೂರಿನಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಸೇರಿದ್ದಾರೆ. ಬೋರ್ ಫೇಲಾದವನು ಶಾಸಕನಾಗಿದ್ದನ್ನು ನಾನಂತೂ ನೋಡಿಲ್ಲ. ಬೋರ್‌ವೆಲ್ ಲಾರಿ ಇಟ್ಟವನು ಬೇಕಾದರೆ ಆಗಬಹುದು.

ಚುನಾವಣೆಗೆ ನಿಂತಾಗ ಕೊಡುವ ಅಫಿಡವಿಟ್ ಇದೆಯಲ್ಲ, 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಶುರುವಾಗಿದ್ದು, ಅದರಲ್ಲಿ ಕೇಸು, ಆಸ್ತಿ, ಓದು ಎಲ್ಲ ಬರೆಯಬೇಕು. ಫ್ಲೆಕ್ಸಿನ ಬಡತನ ಅಲ್ಲಿಗೆ ಬರುವ ಹೊತ್ತಿಗೆ ಹೇಗೋ ವಾಸಿಯಾಗಿರುತ್ತದೆ. ಉದ್ಯೋಗ ಅನ್ನುವ ಜಾಗದಲ್ಲಿ ಮಾತ್ರ 'ಕೃಷಿ, ಸಮಾಜಸೇವೆ'. ಲೇಔಟ್ ಮಾಡುವುದೂ ಕೃಷಿಯೇ ಇರಬೇಕು, ಅಲ್ಲೂ ಸಾಲಾಗಿ ನೆಡುತ್ತಾರೆ. ಕಲ್ಲು.

ರೇಷ್ಮೆ ಸಾಕುವವರಿಗೆ ಅಣ್ಣನ ರಾಜಕೀಯ ಬೇಗ ಅರ್ಥವಾಗುತ್ತದೆ. ಹುಳುವಿಗೆ ನಾಲ್ಕು ಜ್ವರ. ಪ್ರತಿ ಜ್ವರದಲ್ಲೂ ಸೊಪ್ಪು ಮುಟ್ಟದೆ ತಲೆ ಎತ್ತಿಕೊಂಡು, ಧ್ಯಾನಕ್ಕೆ ಕೂತ ಹಾಗೆ ಇರುತ್ತದೆ. ಆಮೇಲೆ ಹಳೇ ಚರ್ಮ ಕಳಚಿ ಎದ್ದು ಮತ್ತೆ ಮೇಯುವುದಕ್ಕೆ ಶುರು. ಅಣ್ಣನಿಗೂ ಹಾಗೇ, ಟಿಕೆಟ್ ತಪ್ಪಿದಾಗ ಒಂದು ಜ್ವರ, ಮಂತ್ರಿಗಿರಿ ತಪ್ಪಿದಾಗ ಇನ್ನೊಂದು. ಎದ್ದಾಗ ಶಾಲಿನ ಬಣ್ಣ ಬೇರೆ. 2019ರಲ್ಲಿ 17 ಶಾಸಕರಿಗೆ ಒಂದೇ ಸೀಸನ್ನಿನಲ್ಲಿ ಬಂದಿತ್ತು, ಜಾಸ್ತಿ ಜನ ಆರೈಕೆಗೆ ಮುಂಬೈಗೆ ಹೋಗಿದ್ದರು. ನಾಲ್ಕನೇ ಜ್ವರ ಎದ್ದ ಹುಳು ಹಗಲು ರಾತ್ರಿ ಮೇಯುತ್ತದೆ, ಕಿವಿಗೊಟ್ಟರೆ ಮಳೆ ಬಂದ ಹಾಗೆ ಸದ್ದು. ಆದರೆ ಹಣ್ಣಾದ ಮೇಲೆ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟಿಗೆ, ಬಿಟ್ಟರೆ ಗೂಡು ಕೊಡುತ್ತದೆ. ಅಷ್ಟರಮಟ್ಟಿಗೆ ನನ್ನ ಹೋಲಿಕೆ ತಪ್ಪು. ಹುಳುವಿನ ಕ್ಷಮೆ ಕೇಳುತ್ತೇನೆ.

2025ರ ಮಾರ್ಚಿನಲ್ಲಿ ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ ಏರಿತು. ಸದನದಲ್ಲಿ ಗದ್ದಲವೋ ಗದ್ದಲ, ಚರ್ಚೆ ಇಲ್ಲ, ಮಸೂದೆ ಪಾಸು. ಪಶ್ಚಿಮ ಘಟ್ಟದ ನೀರು ನಮ್ಮ ಕಡೆಗೆ ತರುವ ಎತ್ತಿನಹೊಳೆ ಯೋಜನೆಗೆ ಶಂಕುಸ್ಥಾಪನೆ ಆಗಿದ್ದು 2014ರಲ್ಲಿ. ಆ ನೀರು ನಮ್ಮ ಕೆರೆಗೆ ಇನ್ನೂ ದಾರಿ ಹುಡುಕುತ್ತಿದೆ.

ತಮಾಷೆ ಸಾಕು. ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಹಳ್ಳಿಯವನು ಮೇಲೆ ಬರುವುದಕ್ಕೆ ಒಂದು ಏಣಿ ಇತ್ತು. ಆಗ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ನಜೀರ್ ಸಾಬ್ ನಿಲ್ಲಿಸಿದ್ದು, 1987ರಲ್ಲಿ ಜಿಲ್ಲಾ ಪರಿಷತ್ತಿಗೆ, ಅಂದರೆ ಈಗಿನ ಜಿಲ್ಲಾ ಪಂಚಾಯಿತಿಗೆ, ಚುನಾವಣೆ ಆಯಿತು. ಈಗ ನೋಡಿ, ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗೆ 2016ರಲ್ಲಿ ವೋಟು ಹಾಕಿದ್ದು, 2021ಕ್ಕೆ ಅವಧಿ ಮುಗಿಯಿತು, ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಆ ಪಕ್ಷದ ಸರ್ಕಾರವೂ ನೆಪ ಹೇಳಿತು, ಈ ಪಕ್ಷದ್ದೂ ಹೇಳಿತು. ಯಾಕೆ ಮಾಡುತ್ತಾರೆ ಹೇಳಿ? ಅಲ್ಲಿ ಗೆದ್ದವನು ನಾಳೆ ಅಣ್ಣನ ಟಿಕೆಟ್ಟಿಗೇ ಕೈ ಹಾಕುತ್ತಾನೆ. ನಡುವಿನ ಮೆಟ್ಟಿಲು ಕಿತ್ತರೆ ಅಟ್ಟ ಹತ್ತುವವನು ದುಡ್ಡಿನ ಮೂಟೆ ಮೇಲೆ ನಿಂತವನು, ಇಲ್ಲಾ ಅಪ್ಪನ ಹೆಗಲ ಮೇಲೆ ಕೂತವನು. ಬಡ ರೈತನ ಮಗ ಅಂತೆ. ನಾಚಿಕೆಯಾಗಬೇಕು.

ನಮ್ಮ ಬೀದಿಯ ಹುಡುಗನೊಬ್ಬ 2021ರಲ್ಲಿ ಜಿಲ್ಲಾ ಪಂಚಾಯಿತಿಗೆ ನಿಲ್ಲುತ್ತೇನೆ ಅಂತ ಸಾಲ ಮಾಡಿ ಕರಪತ್ರ ಹೊಡೆಸಿದ್ದ. 'ಯುವ ನಾಯಕ' ಅಂತ. ಮೊನ್ನೆ ಅವನ ಹುಳು ಮನೆಗೆ ಹೋಗಿದ್ದೆ. ತಟ್ಟೆಗಳಿಗೆ ಅವೇ ಕರಪತ್ರ ಹಾಸಿದ್ದಾನೆ. ಒಂದು ಕಟ್ಟು ಮಾತ್ರ ಬಿಚ್ಚದೆ ಮೇಲೆ ಇಟ್ಟಿದ್ದಾನೆ.

"ಈ ವರ್ಷ ಮಾಡ್ತಾರಂತಾ ಮಾವ?" ಅಂದ. ಮೀಸೆಗೆ ಬಣ್ಣ ಹಚ್ಚಿದ್ದು ಗೊತ್ತಾಗುತ್ತಿತ್ತು.