ಆ ಕಾಲದ ಮೋಸ ಈಗೆಲ್ಲಿ ಸ್ವಾಮಿ!

ಕುದುರೆ ಡಾಕ್ಟರಿಗೆ 11 ವರ್ಷ ಜೈಲಾದ ಸುದ್ದಿ ನೀವೂ ಓದಿರುತ್ತೀರಿ. ಫ್ಲಾರಿಡಾದ ಪಶುವೈದ್ಯ. ರೇಸ್ ಕುದುರೆಗಳಿಗೆ ಮದ್ದು ಮಾಡಿ ಮಾರುತ್ತಿದ್ದ. ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ ಅನ್ನುವುದೇ ಆ ಮದ್ದಿನ ಹೆಚ್ಚುಗಾರಿಕೆ. 2020ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಒಂದೇ ಏಟಿಗೆ 27 ಜನರ ಮೇಲೆ ಕೇಸು ಬಿತ್ತಲ್ಲ, ಆ ಗುಂಪಿನವನು. 2022ರ ಜುಲೈನಲ್ಲಿ ಶಿಕ್ಷೆ ಆಯಿತು.

ನಾನಾಗ ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿದ್ದೆ. ಆರು ತಿಂಗಳ ಸಜೆ. ಸಂಜೆ ಹೊತ್ತು ಪಕ್ಕದ ಮನೆ ಅಜ್ಜನ ಜೊತೆ ಬೇಲಿ ಹತ್ತಿರ ನಿಂತು ಮಾತಾಡುವುದೊಂದೇ ಕೆಲಸ. ಅಜ್ಜನಿಗೆ ಎಂಬತ್ತು ದಾಟಿದೆ. ಯೌವನವನ್ನೆಲ್ಲ ಲಾಂಗ್ ಐಲೆಂಡ್‌ನ ರೇಸ್ ಟ್ರ್ಯಾಕಿಗೆ ಧಾರೆ ಎರೆದವರು. ಸುದ್ದಿ ಬಂದ ದಿನ ಅವರ ಕಣ್ಣಲ್ಲಿ ನೀರಿತ್ತು. ಕುದುರೆಗಳಿಗಾಗಿ ಇರಬೇಕು ಅಂದುಕೊಂಡೆ.

"ನಮ್ಮ ಕಾಲದಲ್ಲಿ ಹೀಗಿರಲಿಲ್ಲ. ಮೋಸಕ್ಕೂ ಒಂದು ಮರ್ಯಾದೆ ಇತ್ತು" ಅಂದರು.

ಅವರು ಹೇಳುವುದು ಹಾರ್ನೆಸ್ ರೇಸಿಂಗ್ ವಿಷಯ. ನಮ್ಮ ಬೆಂಗಳೂರು, ಮೈಸೂರಿನ ರೇಸಿನ ಹಾಗೆ ಬೆನ್ನ ಮೇಲೆ ಜಾಕಿ ಕೂರುವುದಿಲ್ಲ. ಕುದುರೆಯ ಹಿಂದೆ ಎರಡು ಚಕ್ರದ ಪುಟ್ಟ ಗಾಡಿ. ಅದಕ್ಕೆ ಸಲ್ಕಿ ಅನ್ನುತ್ತಾರೆ. ಅದರ ಮೇಲೆ ಡ್ರೈವರ್. ನಮ್ಮ ಜಟಕಾದಿಂದ ಚಾವಣಿ, ಚಾಪೆ, ಹುಲ್ಲು, ಟ್ರಂಕು, ಆರು ಜನ ನೆಂಟರು, ಇಷ್ಟನ್ನೂ ಕೆಳಗಿಳಿಸಿದರೆ ಉಳಿಯುವುದೇ ಸಲ್ಕಿ.

ಈ ಆಟದ ಮುಖ್ಯ ನಿಯಮ ಏನು ಗೊತ್ತಾ? ಕುದುರೆ ನಾಗಾಲೋಟ ಓಡಬಾರದು! ಕುಕ್ಕುಲೋಟದಲ್ಲೇ ಹೋಗಬೇಕು. ಅದರಲ್ಲೂ ಎರಡು ಜಾತಿ. ಟ್ರಾಟರ್ ಆದರೆ ಎಡಗಡೆ ಮುಂಗಾಲಿನ ಜೊತೆ ಬಲಗಡೆ ಹಿಂಗಾಲು ಏಳಬೇಕು. ಪೇಸರ್ ಆದರೆ ಒಂದೇ ಬದಿಯ ಎರಡೂ ಕಾಲು ಒಟ್ಟಿಗೆ. ಓಡುವ ಹುಮ್ಮಸ್ಸಿನಲ್ಲಿ ಕುದುರೆ ತನ್ನ ಹುಟ್ಟುಗುಣದಂತೆ ನಾಗಾಲೋಟಕ್ಕೆ ಬಿದ್ದರೆ ಡ್ರೈವರ್ ಲಗಾಮು ಜಗ್ಗಿ ನಿಧಾನ ಮಾಡಬೇಕು. ಅಷ್ಟರಲ್ಲಿ ಉಳಿದವರು ಮುಂದೆ. ಅಂದರೆ ಇದು ಜಗತ್ತಿನಲ್ಲೇ ಅಪರೂಪದ ಓಟದ ಸ್ಪರ್ಧೆ. ಜೋರಾಗಿ ಓಡಿದರೆ ತಪ್ಪು. ಲಗಾಮು ಜಗ್ಗಲು ಕಾನೂನೇ ಒಂದು ನೆಪ ಕೊಟ್ಟಿದೆ. ಇಂಥ ಆಟ ಕಂಡುಹಿಡಿದು ಆಮೇಲೆ "ಅಯ್ಯೋ, ಫಿಕ್ಸಿಂಗ್ ಆಗುತ್ತಿದೆ" ಅಂತ ಬಾಯಿ ಬಡಿದುಕೊಂಡರೆ ಹೇಗೆ? ಬೆಕ್ಕಿನ ಮುಂದೆ ಹಾಲಿಟ್ಟು, ಬಟ್ಟಲಿಗೆ ಒಂದು ಸ್ಟ್ರಾ ಕೂಡ ಹಾಕಿದ ಹಾಗಾಯಿತು.

ಅಜ್ಜನ ಅಯೋಧ್ಯೆ ಅಂದರೆ ರೂಸ್‌ವೆಲ್ಟ್ ರೇಸ್‌ವೇ. 1940ರಲ್ಲಿ ಶುರುವಾದದ್ದು. ರಾತ್ರಿ ದೀಪದ ಬೆಳಕಲ್ಲಿ ರೇಸು. 1960ರಲ್ಲಿ ಒಂದು ರಾತ್ರಿ 54 ಸಾವಿರಕ್ಕೂ ಜಾಸ್ತಿ ಜನ ಸೇರಿದ್ದರಂತೆ. ಅದರ ಹಿಂದಿನ ವರ್ಷ ಫ್ರಾನ್ಸಿನಿಂದ ಜಾಮ್ಯಾ ಅಂತ ಒಂದು ಕುದುರೆ ಬಂದಿತ್ತು. ಆ ಮಹಾರಾಜನಿಗೆ ಆರ್ಟಿಚೋಕ್ ತಿನ್ನುವ ಚಟ. ಚೆಂಡುಹೂವಿನ ಮೊಗ್ಗನ್ನು ಮುಷ್ಟಿ ಗಾತ್ರಕ್ಕೆ ಊದಿಸಿದ ಹಾಗಿರುವ ತರಕಾರಿ ಅದು. ಕಸ್ಟಮ್ಸ್‌ನವರು ಅವನ ಬುತ್ತಿಯನ್ನು ಒಳಗೆ ಬಿಡಲಿಲ್ಲ. ಪೇಪರಿನಲ್ಲೆಲ್ಲ ಅದೇ ಸುದ್ದಿ. ಕೊನೆಗೆ ಕ್ಯಾಲಿಫೋರ್ನಿಯಾದಿಂದ ಆರ್ಟಿಚೋಕ್ ಬಂತು, ಕುದುರೆ ತಿಂದಿತು, ಗೆದ್ದಿತು. ಇದನ್ನು ಹೇಳುವಾಗ ಅಜ್ಜನ ಮುಖ ನೋಡಬೇಕು. ಆಗ ಹೊಟ್ಟೆಗೆ ತರಕಾರಿ ಹಾಕಿ ಗೆಲ್ಲಿಸುತ್ತಿದ್ದರು ರೀ!

ಅದೇ ಉಸಿರಿನಲ್ಲಿ 1963ರ ನವೆಂಬರ್ 8ರ ಕಥೆ. ಆರನೇ ರೇಸು. ಎಂಟು ಕುದುರೆಗಳಲ್ಲಿ ಆರು ಅಪಘಾತಕ್ಕೆ ಸಿಕ್ಕವು. ಆದರೂ ತೀರ್ಪುಗಾರರು ರೇಸು ಆಯಿತು, ಫಲಿತಾಂಶ ಖಾಯಂ ಅಂದುಬಿಟ್ಟರು. ದುಡ್ಡು ಕಟ್ಟಿದವರು ಬಿಡುತ್ತಾರಾ? ಟ್ರ್ಯಾಕಿಗೆ ನುಗ್ಗಿದರು, ಸಿಕ್ಕಿದ್ದನ್ನು ಮುರಿದರು, ಬೆಂಕಿ ಹಚ್ಚಿದರು. ಅಜ್ಜ ಅವತ್ತು ಅಲ್ಲೇ ಇದ್ದರಂತೆ. ನಮ್ಮಲ್ಲಿ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲಿಗೆ ಹೋಗಿ ಬಂದವರು ಹೇಳಿಕೊಳ್ಳುವ ಹಾಗೆ ಹೇಳುತ್ತಾರೆ.

ಇನ್ನು 1973ರ ಸೂಪರ್‌ಫೆಕ್ಟಾ ಬಾಜಿಯ ಹಗರಣ. ಅಜ್ಜನ ಪ್ರಕಾರ ಮೋಸದ ಸುವರ್ಣಯುಗ.

ಮೊದಲು ಬರುವ ನಾಲ್ಕು ಕುದುರೆಗಳನ್ನು ಅದೇ ಕ್ರಮದಲ್ಲಿ ಹೇಳಬೇಕು. ಹೇಳಿದರೆ ದೊಡ್ಡ ದುಡ್ಡು. ಎಂಟು ಕುದುರೆ ಓಡಿದರೆ ಎಷ್ಟು ಬಗೆ ಆಗುತ್ತದೆ? ಎಂಟು ಏಳಲ ಐವತ್ತಾರು, ಅದನ್ನು ಆರರಿಂದ, ಆಮೇಲೆ ಐದರಿಂದ ಗುಣಿಸಿ. 1680. ಅಷ್ಟೂ ಟಿಕೆಟ್ ಕೊಂಡರೆ ಬಂದ ದುಡ್ಡು ಟಿಕೆಟಿಗೇ ಹೋಗುತ್ತದೆ. ಈಗ ಮೂವರು ಡ್ರೈವರ್‌ಗಳನ್ನು ಕರೆದು "ಅಣ್ಣಾ, ಇವತ್ತು ಸ್ವಲ್ಪ ಲಗಾಮು ಬಿಗಿ ಹಿಡಿ" ಅಂದುಬಿಡಿ. ಉಳಿದದ್ದು ಐದು ಕುದುರೆ. ಐದು ನಾಲ್ಕಲ ಇಪ್ಪತ್ತು, ಇಪ್ಪತ್ತು ಮೂರಲ ಅರವತ್ತು, ಅರವತ್ತು ಎರಡಲ 120. ಮುಗೀತು! ಯಾರನ್ನೂ ಗೆಲ್ಲಿಸಬೇಕಾಗಿಲ್ಲ. ಗೆಲ್ಲಿಸುವುದು ಕಷ್ಟದ ಕೆಲಸ, ಅದಕ್ಕೆ ಕುದುರೆಯ ಒಪ್ಪಿಗೆ ಬೇಕು. ಸೋಲುವುದಕ್ಕೆ ಡ್ರೈವರ್ ಒಬ್ಬ ಒಪ್ಪಿದರೆ ಸಾಕು. ನನ್ನ ಮೇಷ್ಟ್ರು ಕ್ರಮಯೋಜನೆ ವಿಕಲ್ಪವನ್ನು ಹೀಗೆ ಹೇಳಿಕೊಟ್ಟಿದ್ದರೆ ನಾನು ಪಿಯುಸಿಯಲ್ಲಿ ಗಣಿತಕ್ಕೆ ಎರಡು ಸಲ ಕೂರಬೇಕಾಗಿರಲಿಲ್ಲ.

ಮರುವರ್ಷ ನ್ಯೂಯಾರ್ಕಿನಲ್ಲಿ ಕೇಸಾಯಿತು. ಡ್ರೈವರ್‌ಗಳೂ ಕಟಕಟೆ ಹತ್ತಿದರು. ಶಿಕ್ಷೆಯಾದವರಲ್ಲಿ ಒಬ್ಬನ ಹೆಸರು ರಿಚರ್ಡ್ ಪೆರಿ. ಅಡ್ಡಹೆಸರು ‘ಫಿಕ್ಸರ್’. ಆಮೇಲೆ ಬಾಸ್ಟನ್ ಕಾಲೇಜ್ ಬ್ಯಾಸ್ಕೆಟ್‌ಬಾಲ್ ಫಿಕ್ಸಿಂಗ್ ಹಗರಣದಲ್ಲೂ ಈ ಮಹಾನುಭಾವ ಇದ್ದ. 1991ರಲ್ಲಿ ಲಾಸ್ ವೇಗಸ್ಸಿನ ಕಾಲೇಜು ಬ್ಯಾಸ್ಕೆಟ್‌ಬಾಲ್ ಹುಡುಗರ ಜೊತೆ ಬಿಸಿನೀರ ತೊಟ್ಟಿಯಲ್ಲಿ ಕೂತ ಫೋಟೋ ಪೇಪರಿನಲ್ಲಿ ಬಂತು. ಹೆಸರಲ್ಲೇ ಫಿಕ್ಸರ್ ಅಂತ ಬೋರ್ಡು ಹಾಕಿಕೊಂಡವನನ್ನು ಎರಡೆರಡು ಆಟಗಳಿಗೆ ಒಳಗೆ ಬಿಟ್ಟುಕೊಂಡರಲ್ಲ, ಆ ವಿಶಾಲ ಹೃದಯಕ್ಕೆ ನಮೋ ನಮಃ.

ಅಂದಹಾಗೆ, ಕುದುರೆ ರೇಸು ಬರೀ ಅದೃಷ್ಟದ ಜೂಜಲ್ಲ, ಅದರಲ್ಲಿ ಕೌಶಲವೇ ಮುಖ್ಯ ಅಂತ 1996ರಲ್ಲಿ ನಮ್ಮ ಸುಪ್ರೀಂ ಕೋರ್ಟು ಹೇಳಿತು. ಯಾರ ಕೌಶಲ ಅನ್ನುವುದನ್ನು ಈ ನ್ಯೂಯಾರ್ಕಿನವರು 23 ವರ್ಷ ಮೊದಲೇ ತೋರಿಸಿಕೊಟ್ಟಿದ್ದರು.

ಅಜ್ಜನ ದೇವರಕೋಣೆಯಲ್ಲಿ ಇನ್ನೊಂದು ಪಟ ಇದೆ. ಕೆನಡಾದ ಎರ್ವೆ ಫಿಲಿಯನ್. 15 ಸಾವಿರಕ್ಕೂ ಹೆಚ್ಚು ರೇಸು ಗೆದ್ದ ಡ್ರೈವರ್. ದಿನಕ್ಕೊಂದು ಗೆದ್ದರೂ ನಲವತ್ತು ವರ್ಷ ಬೇಕು. 1995ರಲ್ಲಿ ಅವರ ಮೇಲೂ ನ್ಯೂಯಾರ್ಕಿನ ಯಾಂಕರ್ಸ್ ಟ್ರ್ಯಾಕಿನಲ್ಲಿ ರೇಸ್ ಫಿಕ್ಸಿಂಗ್ ಆರೋಪ ಬಂತು. ಕೇಸು ಎಳೆದಾಡಿ ಎಳೆದಾಡಿ ಕೊನೆಗೆ 2000ದಲ್ಲಿ ಅವರು ಒಪ್ಪಿಕೊಂಡಿದ್ದು ಏನು? ತೆರಿಗೆ ರಿಟರ್ನ್ ಸಲ್ಲಿಸಿಲ್ಲ ಅನ್ನುವುದನ್ನು! ಐದು ವರ್ಷ ಬೆಟ್ಟ ಅಗೆದರು, ಇಲಿ ಬಂತು, ಅದರ ಕೈಯಲ್ಲಿ ಇನ್‌ಕಮ್ ಟ್ಯಾಕ್ಸ್ ಫಾರಂ ಇತ್ತು.

ನಂಬಬಹುದಾದ ಕುದುರೆ ಒಂದೇ ಒಂದಿತ್ತು ಅಂತ ಕಾಣುತ್ತದೆ. ಡ್ಯಾನ್ ಪ್ಯಾಚ್. 1896ರಲ್ಲಿ ಇಂಡಿಯಾನಾದಲ್ಲಿ ಹುಟ್ಟಿದ್ದು. ಎಷ್ಟು ಜೋರು ಅಂದರೆ ಅದರ ಎದುರು ಬೇರೆ ಕುದುರೆ ಇಳಿಸಲು ಯಾರೂ ಬರಲಿಲ್ಲ. ಹಾಗಾಗಿ ಗಡಿಯಾರದ ಎದುರೇ ಓಡುತ್ತಿತ್ತು. 1906ರಲ್ಲಿ ಮಿನ್ನೆಸೋಟದಲ್ಲಿ ಒಂದು ಮೈಲಿಯನ್ನು 1 ನಿಮಿಷ 55 ಸೆಕೆಂಡಿನಲ್ಲಿ ಮುಗಿಸಿತು. ಗಡಿಯಾರಕ್ಕೆ ಲಂಚ ಕೊಡುವುದು ಕಷ್ಟ ನೋಡಿ. 1916ರ ಜುಲೈನಲ್ಲಿ ಕುದುರೆ ಸತ್ತಿತು. ಮಾರನೇ ದಿನ ಯಜಮಾನನೂ ಹೋದ.

ಈಗ ಸೋಡಾ ವಿಷಯಕ್ಕೆ ಬರೋಣ. ಅಡುಗೆ ಸೋಡಾ. ನಾವು ಬೋಂಡಾ ಹಿಟ್ಟಿಗೆ ಚಿಟಿಕೆ ಹಾಕುತ್ತೇವಲ್ಲ, ಅದೇ. ಅದನ್ನು ಸಕ್ಕರೆ ನೀರಿನಲ್ಲಿ ಕಲಸಿ, ಕುದುರೆಯ ಮೂಗಿನಲ್ಲಿ ನಳಿಗೆ ತೂರಿಸಿ, ಹೊಟ್ಟೆಗೆ ಇಳಿಸುತ್ತಾರೆ. ಓಡುವಾಗ ಸ್ನಾಯುವಿನಲ್ಲಿ ಸೇರುವ ಆಮ್ಲವನ್ನು ಅದು ತಗ್ಗಿಸುತ್ತದೆ, ಸುಸ್ತು ತಡವಾಗಿ ಬರುತ್ತದೆ ಅನ್ನುವ ಲೆಕ್ಕ. ಈ ಕೆಲಸಕ್ಕೆ ಇಟ್ಟ ಹೆಸರು ‘ಮಿಲ್ಕ್‌ಶೇಕ್’. ಎಷ್ಟು ಮುದ್ದಾದ ಹೆಸರು! ಹಿಡಿಯಲು ರಕ್ತಪರೀಕ್ಷೆ ಬಂತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಪರೀಕ್ಷೆಗೂ ಮದ್ದು ಸಿಕ್ಕಿತು. ಕಾವಲು ಕಾಯಬೇಕಾದ ಸ್ಟೂವರ್ಡ್‌ಗಳೇ ಲಂಚ ತಿಂದು, ಯಾವ ಕುದುರೆಯನ್ನು ಪರೀಕ್ಷೆ ಮಾಡುವುದಿಲ್ಲ ಅಂತ ಮೊದಲೇ ತಿಳಿಸುತ್ತಿದ್ದರು. 2011ರಲ್ಲಿ ಬಯಲಾಯಿತು. ಅದರ ಹೆಸರು ‘ಗ್ರೀನ್ ಲೈಟ್’ ಹಗರಣ. ನಮ್ಮ ಕಡೆ ಇದನ್ನು "ಹೋಗು, ನಾನಿದ್ದೀನಿ" ಅನ್ನುತ್ತಾರೆ.

ಅಜ್ಜನನ್ನು ನೋಡಿ ನಗುವ ಯೋಗ್ಯತೆ ನನಗಿದೆಯಾ ಅಂತ ಯೋಚಿಸಿದೆ. ಇಲ್ಲ. 1961-62ರ ಸುಮಾರು, ಮೈಸೂರು. ಅತ್ತೆಯ ಮದುವೆ. ಸ್ಟೇಷನ್ನಿನಿಂದ ಛತ್ರಕ್ಕೆ ಎರಡು ಜಟಕಾ. ನಮ್ಮ ಗಾಡಿಯಲ್ಲಿ ನಾವು ಹುಡುಗರು, ಹಿಂದಿನದರಲ್ಲಿ ಮಾವ. "ಸಾಬ್ರೇ, ಜೋರಾಗಿ ಹೊಡೀರಿ, ಮಾವ ಮುಂದೆ ಹೋಗಬಾರದು" ಅಂತ ನಮ್ಮ ಕೂಗು. "ಮುಂದೆ ಜರುಗಿ, ಹಿಂದೆ ಭಾರ ಆಗ್ತದೆ" ಅಂತ ಸಾಬರ ಕೂಗು. ಚಾವಟಿಯ ಕಡ್ಡಿಯನ್ನು ಚಕ್ರದ ಅರೆಗಳಿಗೆ ಕೊಟ್ಟು ಟರ್ರ್ ಅಂತ ಸದ್ದು ಮಾಡುತ್ತಿದ್ದರು. ಗೆದ್ದೇಬಿಟ್ಟೆವು ಅನ್ನುವಾಗ ದೊಡ್ಡ ಗಡಿಯಾರದ ಹತ್ತಿರ ನಮ್ಮ ಕುದುರೆ ನೀರು ಕುಡಿಯಲು ನಿಂತಿತು. ಮಾವ ಕೈಬೀಸಿಕೊಂಡು ಮುಂದೆ ಹೋದರು. ಸ್ಟೇಷನ್ನಿನಲ್ಲೇ ಮಾವ ನಮ್ಮ ಸಾಬರ ಕೈಗೆ ನಾಲ್ಕಾಣೆ ಇಟ್ಟಿದ್ದರು ಅಂತ ಗೊತ್ತಾಗಿದ್ದು ಇಪ್ಪತ್ತು ವರ್ಷದ ಮೇಲೆ. ಈ ಕಥೆಯನ್ನು ನಾನು ಪ್ರತಿ ಮದುವೆಮನೆಯಲ್ಲೂ ಹೇಳಿದ್ದೇನೆ. ಒಂದು ಸಲವೂ ಸಿಟ್ಟು ಬಂದಿಲ್ಲ. ಎಂಥ ಕಾಲ ಅಂತ ಉಸಿರು ಬಿಟ್ಟಿದ್ದೇನೆ.

ಆ ಕುದುರೆಗೆ ಬಾಯಾರಿಕೆ ಇತ್ತೋ ಇಲ್ಲವೋ ನಾನು ಕೇಳಲಿಲ್ಲ. ಈಗ ಯಾರೂ ಕೇಳುವುದಿಲ್ಲ. ಇಲ್ಲೇ ನಗು ನಿಂತುಹೋಗುತ್ತದೆ. ಒಂದು ಪ್ರಾಣಿ. ಅದಕ್ಕೆ ಪಂದ್ಯ ಗೊತ್ತಿಲ್ಲ, ಪಾಯಿಂಟು ಗೊತ್ತಿಲ್ಲ. ಕಟ್ಟಿದ ಗಾಡಿ ಎಳೆಯುತ್ತದೆ. ಅದರ ಕುತ್ತಿಗೆಗೆ ಹೆಸರಿಲ್ಲದ ಬಾಟಲಿಯಿಂದ ಸೂಜಿ ಚುಚ್ಚುತ್ತೀರಿ. ನೋವು ಗೊತ್ತಾಗದ ಹಾಗೆ ಮಾಡಿ ಕುಂಟುವ ಕಾಲಲ್ಲಿ ಓಡಿಸುತ್ತೀರಿ. ಸಿಕ್ಕಿಬಿದ್ದಾಗ ಕ್ರೀಡೆಯ ಘನತೆಗೆ ಧಕ್ಕೆ ಅನ್ನುತ್ತೀರಿ. ಯಾವ ಘನತೆ? ಥೂ. ಇದನ್ನು ಬರೆಯುವಾಗಲೂ ಬೇಜಾರಾಗುತ್ತದೆ.

ಇಷ್ಟಾಗಿ ಈ ಆಟವನ್ನು ನೋಡುವವರಾದರೂ ಇದ್ದಾರಾ? ರೂಸ್‌ವೆಲ್ಟ್ ರೇಸ್‌ವೇ 1988ರ ಜುಲೈನಲ್ಲೇ ಮುಚ್ಚಿತು. ಈಗ ಅಲ್ಲಿ ಅಂಗಡಿ, ಸಿನಿಮಾ. ಉಳಿದ ಟ್ರ್ಯಾಕುಗಳಲ್ಲಿ ಎಷ್ಟೋ ಕಡೆ ಪಕ್ಕದಲ್ಲೇ ಜೂಜಿನ ಯಂತ್ರ ಇಟ್ಟು, ಆ ದುಡ್ಡಲ್ಲಿ ಕುದುರೆಗೆ ಬಹುಮಾನ ಕೊಡುತ್ತಾರೆ. ನ್ಯೂಜೆರ್ಸಿ ಸರ್ಕಾರವಂತೂ 2019ರಲ್ಲಿ ಕಾನೂನು ಮಾಡಿ ವರ್ಷಕ್ಕೆ 20 ಮಿಲಿಯನ್ ಡಾಲರ್ ರೇಸಿಂಗಿಗೆ ಇಟ್ಟಿತು. ನಮ್ಮ ಲೆಕ್ಕದಲ್ಲಿ ನೂರೈವತ್ತು ಕೋಟಿ ರೂಪಾಯಿಗೂ ಜಾಸ್ತಿ. ಜೂಜಿಗೆ ಸಬ್ಸಿಡಿ! ನಮ್ಮ ಊರಿನ ಇಸ್ಪೀಟು ಕ್ಲಬ್ಬಿನವರು ಇದನ್ನು ಓದದಿರಲಿ ದೇವರೇ.

ಒಂದು ಶನಿವಾರ ಅಜ್ಜ ನನ್ನನ್ನು ಒಂದು ಟ್ರ್ಯಾಕಿಗೆ ಕರೆದುಕೊಂಡು ಹೋದರು. ಬೆಂಚುಗಳೆಲ್ಲ ಖಾಲಿ. ಇದ್ದ ಅರವತ್ತು ಎಪ್ಪತ್ತು ಜನ ಒಳಗೆ ಕೂತು ಟೀವಿಯಲ್ಲಿ ಬೇರೆ ಊರಿನ ರೇಸು ನೋಡುತ್ತಿದ್ದರು. ಗಾಜಿನ ಆಚೆ ನಿಜವಾದ ಕುದುರೆಗಳು ಹೋಗುತ್ತಿದ್ದವು, ಒಬ್ಬನೂ ತಲೆ ಎತ್ತಲಿಲ್ಲ.

ನಾಲ್ಕನೇ ರೇಸಿಗೆ ಮೊದಲು ಅಜ್ಜ ನನ್ನ ಕಿವಿಯಲ್ಲಿ, "5ನೇ ನಂಬರ್ ಇವತ್ತು ಓಡಲ್ಲ. ಹೇಳಿಸಿದ್ದಾರೆ. ಗೊತ್ತಿರೋರೇ ಹೇಳಿದ್ದು" ಅಂದರು. ಅವರ ಕಣ್ಣಲ್ಲಿ 1973ರ ಹೊಳಪಿತ್ತು. ಹೇಳುವಷ್ಟರಲ್ಲಿ ತಡವಾಗಿತ್ತು. ಮೊಮ್ಮಗನಿಗೆ ಐದು ವರ್ಷ ಅಂತ ನಾನು ಆಗಲೇ 5ಕ್ಕೆ ಎರಡು ಡಾಲರ್ ಕಟ್ಟಿ ಬಂದಿದ್ದೆ. 5 ಬಿಟ್ಟು ಉಳಿದವುಗಳ ಮೇಲೆ ಅಜ್ಜ ನಲವತ್ತು ಡಾಲರ್ ಹಾಕಿದರು.

5 ಗೆದ್ದಿತು. ಆರಾಮಾಗಿ, ಕಿವಿ ನಿಮಿರಿಸಿಕೊಂಡು.

ವಾಪಸು ಬರುವಾಗ ಅಜ್ಜ ಕಾರಿನಲ್ಲಿ ಇಪ್ಪತ್ತು ನಿಮಿಷ ಮಾತಾಡಲಿಲ್ಲ. ಆಮೇಲೆ, "ನೋಡಿದ್ರಾ? ಈಗಿನವರ ಮಾತಿಗೆ ಬೆಲೆನೇ ಇಲ್ಲ" ಅಂದರು. ಗೆದ್ದ ದುಡ್ಡಿನಲ್ಲಿ ದಾರಿಯಲ್ಲಿ ಅವರಿಗೊಂದು ಕಾಫಿ ಕೊಡಿಸಿದೆ. ಕುಡಿಯಲಿಲ್ಲ.