ಮೋಸ ಹೋದವರಿಗೆ "ದುರಾಸೆ" ಅನ್ನೋದು ಮೊದಲು ನಿಲ್ಲಿಸಿ

ಹೂಡಿಕೆ ಹಗರಣದ ಸುದ್ದಿ ಬಂದಾಗಲೆಲ್ಲ ಕೆಳಗೆ ಒಂದೇ ಥರದ ಕಾಮೆಂಟು. "ಅತಿ ಆಸೆ ಗತಿ ಕೇಡು, ಅನುಭವಿಸಲಿ ಬಿಡಿ." ಓದಿದರೆ ಮೈಯೆಲ್ಲ ಉರಿಯುತ್ತದೆ. ಬೆಂಗಳೂರಿನ ಐ ಮಾನಿಟರಿ ಅಡ್ವೈಸರಿ (ಐಎಂಎ) ಅನ್ನೋ ಹೂಡಿಕೆ ಕಂಪನಿಯ ಹಗರಣವನ್ನೇ ತಗೊಳ್ಳಿ. ಅಲ್ಲಿ ದುಡ್ಡು ಇಟ್ಟವರಲ್ಲಿ ಬಹಳಷ್ಟು ಮಂದಿ ಬಡ್ಡಿ ಮುಟ್ಟಬಾರದು ಅಂತ ನಂಬಿದ ಮುಸ್ಲಿಂ ಕುಟುಂಬದವರು. ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟರೆ ಬಡ್ಡಿ, ಅದು ಹರಾಮ್. ಮನೆಯಲ್ಲೇ ಇಟ್ಟರೆ ದುಡ್ಡು ಬೆಳೆಯಲ್ಲ. ಅವರದ್ದು ದುರಾಸೆನಾ? ಧರ್ಮಕ್ಕೆ ನಿಯತ್ತಾಗಿ ಬದುಕಬೇಕು ಅಂದುಕೊಂಡವರು ಅವರು.

ಮನ್ಸೂರ್ ಖಾನ್ 2006ರಲ್ಲಿ ಶುರು ಮಾಡಿದ ಈ ಕಂಪನಿ ಕೈ ಹಾಕಿದ್ದು ಸರಿಯಾಗಿ ಈ ಜಾಗಕ್ಕೇ. ಇದು ಬಡ್ಡಿಯಲ್ಲ, ವ್ಯಾಪಾರದ ಲಾಭದಲ್ಲಿ ಪಾಲು, ಹಲಾಲ್ ಅಂದರು. ಕಾಗದದ ಮೇಲೆ ಹೂಡಿಕೆದಾರರನ್ನು ಪಾಲುದಾರರನ್ನಾಗಿ ಮಾಡಿದರು. ಹಾಗೆ ಮಾಡಿದರೆ ಅದು ಠೇವಣಿ ಅಲ್ಲ, ಠೇವಣಿ ಕಾನೂನು ನಮಗೆ ಅನ್ವಯಿಸಲ್ಲ ಅಂತ ವಾದಿಸಬಹುದು ನೋಡಿ. ಶಿವಾಜಿನಗರದಲ್ಲಿ ಕಣ್ಣಿಗೆ ಕಾಣುವ ಚಿನ್ನದಂಗಡಿ ಇತ್ತು, ಸರ್ಕಾರಿ ಶಾಲೆಗೂ ದುಡ್ಡು ಸುರಿದಿದ್ದರು. ಧರ್ಮಗುರುಗಳಲ್ಲೂ ಕೆಲವರು ಒಳ್ಳೆ ಮಾತಾಡಿದರು. ಇನ್ನೇನು ಬೇಕು ನಂಬೋದಕ್ಕೆ?

ಎಲ್ಲಕ್ಕಿಂತ ಜಾಸ್ತಿ ನಂಬಿಕೆ ಹುಟ್ಟಿಸಿದ್ದು ತಿಂಗಳು ತಿಂಗಳು ಖಾತೆಗೆ ಬೀಳುತ್ತಿದ್ದ ದುಡ್ಡು. ಲಕ್ಷಕ್ಕೆ ತಿಂಗಳಿಗೆ 3,000 ಅಂದರೆ ವರ್ಷಕ್ಕೆ 36,000. ಅಷ್ಟನ್ನು ಎಲ್ಲರಿಗೂ ಹಂಚಿ, ಅಂಗಡಿ ಖರ್ಚೂ ಕಳೆದು, ಅಸಲೂ ಉಳಿಯಬೇಕು ಅಂದರೆ ಯಾವ ವ್ಯಾಪಾರದಲ್ಲಿ ಆಗುತ್ತೆ ಹೇಳಿ? ಹೊಸಬರು ತಂದ ದುಡ್ಡಿನಲ್ಲೇ ಹಳಬರಿಗೆ ಕೊಡಬೇಕು, ಬೇರೆ ದಾರಿ ಇಲ್ಲ. ಆದರೆ ಮೊದಲು ದುಡ್ಡು ಸಿಕ್ಕವರು ಸುಳ್ಳು ಹೇಳುತ್ತಿರಲಿಲ್ಲ. "ನನಗೆ ಬಂತು, ನೀನೂ ಹಾಕು" ಅಂತ ಅಕ್ಕ ತಂಗಿಗೆ ಹೇಳಿದ್ದು ನಿಜವೇ. ಇಂಥ ಸ್ಕೀಮುಗಳಿಗೆ ಏಜೆಂಟರೇ ಬೇಕಿಲ್ಲ, ನಮ್ಮ ಮನೆಯವರೇ ಸಾಕು. ನನ್ನನ್ನು ತುಂಬಾ ಕಾಡೋದು ಇದೇ.

ಕೇಳಬೇಕಿದ್ದ ಪ್ರಶ್ನೆ ಒಂದಿತ್ತು. ಲಾಭದಲ್ಲಿ ಪಾಲು ಅಂದ ಮೇಲೆ ನಷ್ಟದಲ್ಲೂ ಪಾಲು ಇರಬೇಕಲ್ವಾ? ಅದನ್ನು ಹೊಲಿಗೆ ಮಾಡಿ ದುಡ್ಡು ಕೂಡಿಸಿದ ಹೆಂಗಸು ಕೇಳಲಿಲ್ಲ ಅಂತ ಬೈಯೋದು ಸುಲಭ. ಕೇಳೋದೇ ಕೆಲಸವಾಗಿದ್ದವರು ಏನು ಮಾಡುತ್ತಿದ್ದರು? ರಿಸರ್ವ್ ಬ್ಯಾಂಕು ಮೊದಲೇ ರಾಜ್ಯ ಸರ್ಕಾರವನ್ನು ಎಚ್ಚರಿಸಿತ್ತು. ಠೇವಣಿದಾರರನ್ನು ಕಾಯೋಕೆ ಅಂತಲೇ 2004ರ ಕಾಯ್ದೆ ನಮ್ಮ ರಾಜ್ಯದಲ್ಲಿದೆ. ಆಮೇಲೆ ನೋಡಿದರೆ, ಲಂಚ ತಗೊಂಡು ಕಂಪನಿಗೆ ಅನುಕೂಲವಾಗುವ ವರದಿ ಕೊಟ್ಟ ಆರೋಪದಲ್ಲಿ ಕಂದಾಯ ಅಧಿಕಾರಿಗಳೇ ಬಂಧನವಾದರು! 2019ರ ಜೂನ್‌ನಲ್ಲಿ ಖಾನ್ ದುಬೈಗೆ ಹೋದ ಮೇಲೆ ಅವನದೇ ಅನ್ನಲಾದ ಒಂದು ಆಡಿಯೋ ಹರಿದಾಡಿತು, ಮರುಗಳಿಗೆಯೇ ಕಚೇರಿ ಮುಂದೆ ಜನ. ಬುರ್ಖಾ ಹಾಕಿದ ಅಜ್ಜಿಯರು ಪ್ಲಾಸ್ಟಿಕ್ ಕವರಿನಲ್ಲಿ ರಸೀದಿ ಹಿಡಿದುಕೊಂಡು ದೂರು ಕೊಡೋಕೆ ಸಾಲಲ್ಲಿ ನಿಂತರು. ಮಗಳ ಮದುವೆಗೆ, ಹಜ್‌ಗೆ ಅಂತ ಇಟ್ಟ ದುಡ್ಡು ಅದು. ಸುಮಾರು 4,000 ಕೋಟಿಯ ಹಗರಣ, ದೂರು ಕೊಟ್ಟವರೇ ಹತ್ತಾರು ಸಾವಿರ ಮಂದಿ. ಜುಲೈನಲ್ಲಿ ಖಾನ್ ದೆಹಲಿಯಲ್ಲಿ ಸಿಕ್ಕಿಬಿದ್ದ, ಆಮೇಲೆ ಕೇಸು ಸಿಬಿಐಗೆ ಹೋಯಿತು. ದುಡ್ಡು ಮಾತ್ರ ಅಷ್ಟು ಬೇಗ ವಾಪಸ್ ಬರಲ್ಲ.

ಈಗ ಇದೇ ಆಟ ವಾಟ್ಸಾಪ್, ಟೆಲಿಗ್ರಾಂ ಗುಂಪುಗಳಲ್ಲಿ ನಡೀತಿದೆ. ಮೊದಲು ಸಣ್ಣ ಮೊತ್ತ ವಾಪಸ್ ಕೊಟ್ಟು ನಂಬಿಸ್ತಾರೆ, ಆಮೇಲೆ ದೊಡ್ಡದು ನುಂಗ್ತಾರೆ. ಯಾರಾದರೂ ದುಡ್ಡು ಹಾಕಿ ಅಂತ ಹೇಳಿದರೆ ಷೇರು ಮಾರುಕಟ್ಟೆ ನಿಯಂತ್ರಕ ಸೆಬಿಯ ವೆಬ್‌ಸೈಟಿನಲ್ಲಿ ಅವರ ನೋಂದಣಿ ಇದೆಯಾ ನೋಡಿ. ಠೇವಣಿ ಸಂಸ್ಥೆ ಆದರೆ ರಿಸರ್ವ್ ಬ್ಯಾಂಕಿನ ಸಚೇತ್ ಪೋರ್ಟಲ್‌ನಲ್ಲಿ ಹುಡುಕಿ, ದೂರನ್ನೂ ಅಲ್ಲೇ ಕೊಡಬಹುದು. ಆನ್‌ಲೈನಲ್ಲಿ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಿಮ್ಮ ಮನೆಯಲ್ಲೇ ಯಾರಾದರೂ ಕಳೆದುಕೊಂಡಿದ್ದರೆ ದಯವಿಟ್ಟು ಬೈಬೇಡಿ. ಬೈಸಿಕೊಳ್ಳೋ ಭಯಕ್ಕೇ ಎಷ್ಟೋ ಜನ ದೂರು ಕೊಡೋದು ತಡ ಮಾಡ್ತಾರೆ, ಅಷ್ಟರಲ್ಲಿ ದುಡ್ಡು ನಾಲ್ಕು ಖಾತೆ ದಾಟಿರುತ್ತೆ.