ಆರು ಗುಂಟೆ ಮಲ್ಲಿಗೆ

ಮಲ್ಲಿಗೆ ಬಳ್ಳಿ ಹಬ್ಬುವುದಕ್ಕೆ ಆರು ಗುಂಟೆ ಧಾರಾಳವಾಯಿತು. ಆ ಆರು ಗುಂಟೆಯ ಕಾಗದಗಳನ್ನು ಹರಡುವುದಕ್ಕೆ ಮಾತ್ರ ನಮ್ಮ ನಡುಮನೆ ಸಾಲಲಿಲ್ಲ.

ಮನೆಯ ಹಿಂದಿನ ಹೊಲದಲ್ಲಿ ಒಂದು ತುಂಡು ಕೊಡುತ್ತೇನೆ ಎಂದು ಗೌಡರು ಹೇಳಿದ ದಿನವೇ ನಮ್ಮ ಯಜಮಾನರು ಹಿಡಿ ಮಣ್ಣು ತೆಗೆದು ಹಿಸುಕಿದರು, ಮೂಸಿದರು, "ಒಳ್ಳೆಯ ಕೆಂಪು ಗೋಡು" ಎಂದು ತೀರ್ಪು ಕೊಟ್ಟರು. ಊರವರ ಜಮೀನಿನ ದಾಖಲೆಗಳನ್ನು ತಿರುವಿ ಹಾಕಿ ಬೆಳೆಸಾಲ ಕೊಡುವುದರಲ್ಲೇ ಬ್ಯಾಂಕಿನಲ್ಲಿ ತಲೆ ನರೆಸಿಕೊಂಡ ಮನುಷ್ಯ, ತಾವು ಕೊಳ್ಳುವಾಗ ಪಹಣಿ ಕೇಳುವುದನ್ನು ಬಿಟ್ಟು ಎರೆಹುಳು ಹುಡುಕುತ್ತಿದ್ದರು.

ಮೊದಲಾಗಿದ್ದರೆ ನಮ್ಮಂಥವರಿಗೆ ಹೊಲ ಕೊಳ್ಳುವ ಯೋಗವೇ ಇರಲಿಲ್ಲ. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಅಡ್ಡ ನಿಂತಿರುತ್ತಿದ್ದವು. ಅವು 2020ರ ತಿದ್ದುಪಡಿಯಲ್ಲಿ ಹೋದವು. ಅದಕ್ಕೆ ಮುಂಚೆ ಪೇಟೆಯವರು ಕೃಷಿ ಭೂಮಿ ಕೊಳ್ಳಬೇಕೆಂದರೆ ಸತ್ತ ಮುತ್ತಜ್ಜನನ್ನು ಎಬ್ಬಿಸಿ ಅವನ ಕೈಗೆ ನೇಗಿಲು ಕೊಡಬೇಕಾಗಿತ್ತು.

ಪಹಣಿ ತೆಗೆಸಿದೆವು. ಮಾಲೀಕರ ಹೆಸರಿರಬೇಕಾದ 9ನೇ ಕಾಲಂನಲ್ಲಿ ಗೌಡರ ಹೆಸರಿಲ್ಲ. ಎಂದೋ ತೀರಿಕೊಂಡ ಅವರ ತಂದೆ ಸರ್ಕಾರದ ಲೆಕ್ಕದಲ್ಲಿ ಇನ್ನೂ ಹೊಲ ಉಳುತ್ತಿದ್ದರು. ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ವಂಶವೃಕ್ಷ ಬೇಕು. ವಂಶವೃಕ್ಷ ಬಿಡಿಸಿದರೆ ಅದರಲ್ಲಿ ಮೂರು ಕೊಂಬೆ ತಂಗಿಯರು. "ಮದುವೆ ಮಾಡಿ ಕಳಿಸಿದ್ದೇವಲ್ಲ" ಎಂದು ಗೌಡರು ಮುಗ್ಧವಾಗಿ ಕೇಳಿದರು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತಷ್ಟು ಗಟ್ಟಿ ಮಾಡಿದೆ ಎಂದು ವಕೀಲರು ವಿವರಿಸಿದಾಗ ನಾನು ಒಳಗೊಳಗೇ ಸಂತೋಷಪಟ್ಟೆ. ಆ ಸಂತೋಷದ ಖರ್ಚು ನನ್ನ ತಲೆಗೇ ಬರುತ್ತದೆ ಎನ್ನುವುದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು.

ಇಬ್ಬರು ತಂಗಿಯರು ತಕರಾರಿಲ್ಲದೆ ಒಪ್ಪಿದರು. ಕಿರಿಯಾಕೆ ಮಾತ್ರ ದಾವಣಗೆರೆ ಕಡೆಯಿಂದ ಖುದ್ದಾಗಿ ಬಂದು, ಹೊಲವನ್ನೊಮ್ಮೆ ಸುತ್ತಿ, ನಮ್ಮ ಜಗಲಿಯ ಮೇಲೆ ಕುಳಿತು ಎರಡು ಲೋಟ ಕಾಫಿ ಕುಡಿದಳು. "ನಾಲ್ಕು ಮಲ್ಲಿಗೆ ಬಳ್ಳಿ ಹಾಕಣ್ಣ ಎಂದು ಬಡಕೊಂಡೆ, ಕಿವಿಗೆ ಹಾಕಿಕೊಳ್ಳಲಿಲ್ಲ. ನೀವು ಹಾಕಿ, ಟೀಚರಮ್ಮ. ವರಮಹಾಲಕ್ಷ್ಮಿ ಹಬ್ಬಕ್ಕೆ ನನಗೆ ಹತ್ತು ಮೊಳ ಬರಬೇಕು" ಎಂದಳು. ಕ್ರಯಪತ್ರದಲ್ಲಿ ಇಲ್ಲದ ಈ ಷರತ್ತನ್ನು ಮೀರುವ ಧೈರ್ಯ ನನಗಿಲ್ಲ.

ಆಮೇಲೆ ಅಳತೆ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರಬೇಕಾದರೆ ಆ ಭಾಗವನ್ನು ಅಳೆದು ಗುರುತಿಸಿದ 11ಇ ನಕ್ಷೆ ಇಲ್ಲದೆ ನೋಂದಣಿ ಆಗುವುದಿಲ್ಲ. ಭೂಮಾಪಕರು ಗೌಡರ ಹಳೆಯ ಪತ್ರದ ಚೆಕ್ಕುಬಂದಿಯನ್ನು ಗಟ್ಟಿಯಾಗಿ ಓದಿದರು: "ಪಶ್ಚಿಮಕ್ಕೆ ಹುಣಸೆಮರ." ಎಲ್ಲರೂ ಪಶ್ಚಿಮಕ್ಕೆ ತಿರುಗಿದೆವು. ಮರ ಯಾವ ಕಾಲದಲ್ಲೋ ಸೌದೆಯಾಗಿತ್ತು. ಗೌಡರು ಗಾಳಿಯಲ್ಲಿ ಒಂದು ಜಾಗ ತೋರಿಸಿ "ಇಲ್ಲಿತ್ತು" ಎಂದರು. ಪಕ್ಕದ ಹೊಲದವರು ಇನ್ನಷ್ಟು ಈಚೆಗೆ ಬಂದು "ಇಲ್ಲಿತ್ತು" ಎಂದರು. ಇಲ್ಲದ ಮರದ ಬುಡಕ್ಕೆ ಇಬ್ಬರೂ ಹೊಡೆದಾಡುವಷ್ಟರಲ್ಲಿ ಭೂಮಾಪಕರು ಗ್ರಾಮನಕ್ಷೆ ಬಿಚ್ಚಿ ಜಗಳವನ್ನೇ ಅಪ್ರಸ್ತುತ ಮಾಡಿದರು. ನಾವು ಆರಿಸಿಕೊಂಡ ಜಾಗದ ನಡುವೆಯೇ ಚುಕ್ಕಿಗಳ ಜೋಡಿಗೆರೆ ಓರೆಯಾಗಿ ಹಾದುಹೋಗಿತ್ತು. ಬಂಡಿದಾರಿ. ಪಹಣಿಯಲ್ಲಿ ಎರಡು ಗುಂಟೆ 'ಬಿ' ಖರಾಬು ಎಂದು ತೋರಿಸಿದ್ದು ಇದನ್ನೇ. ಅದು ಸಾರ್ವಜನಿಕರದ್ದು, ಗೌಡರು ಮಾರುವಂತಿಲ್ಲ, ನಾವು ಕೊಳ್ಳುವಂತಿಲ್ಲ. ದಿನಾ ಸಂಜೆ ಊರ ದನಗಳು ಹೊಲದಲ್ಲಿ ಓರೆಯಾಗಿ ನಡೆದು ಹೋಗುವುದನ್ನು ನೋಡಿ ಅವಕ್ಕೆ ಬುದ್ಧಿಯಿಲ್ಲ ಎಂದುಕೊಂಡಿದ್ದೆ. ಗ್ರಾಮನಕ್ಷೆ ಸರಿಯಾಗಿ ಗೊತ್ತಿದ್ದದ್ದು ಅವಕ್ಕೆ ಮಾತ್ರ.

ಸರಿ, ಪೂರ್ವದ ಮೂಲೆಗೆ ಸರಿದೆವು. ಅಲ್ಲಿ ಬಾಂದುಕಲ್ಲಿನಿಂದ ಬಾಂದುಕಲ್ಲಿಗೆ ಅಳೆದರೆ ಐದು ಗುಂಟೆ ಹದಿಮೂರು ಆಣೆ. ಉಳಿದ ಮೂರು ಆಣೆ, ಅಂದರೆ ಇನ್ನೂರು ಚದರ ಅಡಿಗೂ ಮಿಕ್ಕು, ಆಚೆಯವರ ತಿಪ್ಪೆಯ ಕೆಳಗೆ ಇತ್ತು. ಗಡಿ ಅಳೆದು ಗುರುತಿಸಿಕೊಡುವ ಹದ್ದುಬಸ್ತಿಗೆ ಅರ್ಜಿ ಹಾಕಬಹುದು, ಬಿಡಿಸಿಕೊಳ್ಳಬಹುದು. ಆದರೆ ತಿಪ್ಪೆಯ ಒಡತಿ ನಮಗೆ ಹಾಲು ಹಾಕುವವಳು. ಹಾಲಿಗೂ ಗೊಬ್ಬರಕ್ಕೂ ಅವಳೇ ಗತಿ ಎಂದಾದ ಮೇಲೆ ಮೂರು ಆಣೆಯನ್ನು ತಿಪ್ಪೆಗೆ ಅರ್ಪಿಸಿದೆವು.

ಅದೇ ಮೂಲೆಯಲ್ಲಿ ಯಾವ ನಕ್ಷೆಯಲ್ಲೂ ಇಲ್ಲದ ಕಾಲುಹಾದಿಯೊಂದಿತ್ತು. ಮಾರಮ್ಮನ ಗುಡಿಗೆ ಹೆಂಗಸರ ಒಳದಾರಿ. ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ, ಹಕ್ಕೆಂದುಕೊಂಡು ರಾಜಾರೋಷವಾಗಿ ನಡೆದ ದಾರಿಗೆ 1882ರ ಅನುಭೋಗದ ಹಕ್ಕಿನ ಕಾಯ್ದೆಯ ಬೆಂಬಲ ಸಿಗಬಹುದು ಎಂದು ವಕೀಲರು ಎಚ್ಚರಿಸಿದ್ದರು. ಹೊಸ ದಾರಿಯೇ ಇರಬೇಕು ಎಂಬ ಆಸೆಯಿಂದ ಗೌಡರನ್ನು ವಿಚಾರಿಸಿದೆ. ಎಪ್ಪತ್ತು ದಾಟಿದ ಗೌಡರು ಎದೆಯುಬ್ಬಿಸಿ, "ಹೊಸದೇ? ನನ್ನ ಮದುವೆಯ ದಿಬ್ಬಣವೇ ಇದರಲ್ಲಿ ಬಂದಿತ್ತು!" ಎಂದರು. ಬೇಲಿಗೆ ಒಂದು ಗಂಡಿ ಬಿಡಬೇಕಾಯಿತು.

ನೋಂದಣಿ ಮುಗಿದ ಮೇಲೆ ಯಜಮಾನರಿಗೆ ಮಂಟಪದ ಹುಚ್ಚು ಹಿಡಿಯಿತು. ನಾಲ್ಕು ಕಂಬ, ಹೆಂಚಿನ ಮಾಡು, ನಡುವೆ ಉಯ್ಯಾಲೆ. ತೋಟಗಾರಿಕೆಯೂ ಕಾನೂನಿನ ಕಣ್ಣಿಗೆ ಬೇಸಾಯವೇ, ಹೂಗಿಡಕ್ಕೆ ಭೂಪರಿವರ್ತನೆ ಬೇಡ. ಕಟ್ಟಡವೆಂದರೆ ಬೇರೆ ಮಾತು. ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಜಮೀನಿನ ಹತ್ತರಲ್ಲೊಂದು ಭಾಗ ಮೀರದಂತೆ ತೋಟದಮನೆ ಕಟ್ಟಬಹುದು, ಅದೂ ಬೇಸಾಯದ ಉಪಯೋಗಕ್ಕೆ. ಉಯ್ಯಾಲೆ ತೂಗುವುದು ಬೇಸಾಯವೇ ಎಂಬ ಪ್ರಶ್ನೆಯನ್ನು ವಕೀಲರ ಮುಂದಿಟ್ಟಾಗ ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಉಯ್ಯಾಲೆ ಈಗ ಅಟ್ಟದ ಮೇಲಿದೆ.

ಮೊನ್ನೆ ನನ್ನ ಹೆಸರಿನ ಪಹಣಿ ಕೈಗೆ ಬಂತು. 9ನೇ ಕಾಲಂನಲ್ಲಿ ಹೆಸರು ತಪ್ಪಿಲ್ಲದೆ ಇತ್ತು. ಅರಿಸಿನ ಕುಂಕುಮ ಹಚ್ಚುವುದೊಂದು ಬಾಕಿ. ಹಾಗೇ ಬಲಕ್ಕೆ ಕಣ್ಣು ಹಾಯಿಸಿದರೆ ಬೆಳೆಯ ಕಾಲಂನಲ್ಲಿ "ರಾಗಿ" ಎಂದಿತ್ತು. ಬೆಳೆ ಸಮೀಕ್ಷೆಯ ಹುಡುಗ ಯಾವ ಬದುವಿನ ಮೇಲೆ ನಿಂತು ಮೊಬೈಲಿನಲ್ಲಿ ಫೋಟೋ ಹೊಡೆದನೋ. ತಿದ್ದುಪಡಿ ಮಾಡಿಸಲು ಹೋದರೆ ಕಚೇರಿಯ ಗುಮಾಸ್ತರು ಸಮಾಧಾನದಿಂದ ಕೇಳಿದರು: "ಅರ್ಜಿ, ಆಕ್ಷೇಪಣೆ ಎಂದು ಯಾಕೆ ಓಡಾಡುತ್ತೀರಿ, ಮೇಡಂ? ಹೇಗೂ ಮಳೆ ಬಿದ್ದಿದೆ. ಬಳ್ಳಿಯ ಸಾಲಿನ ನಡುವೆ ಒಂದಿಷ್ಟು ರಾಗಿ ಚೆಲ್ಲಿಬಿಡಬಾರದೇ?"

ಯಜಮಾನರು ಬಿತ್ತನೆ ರಾಗಿ ತರಲು ಸೊಸೈಟಿಗೆ ಹೋಗಿದ್ದಾರೆ.